ತೊಳೆದರೂ ಹೋಗದ ಔಷಧ

ಅಂಗಳದ ಹೂಗಿಡಕ್ಕೆ ಬೂದಿ ರೋಗ ಬಂದರೆ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಕೂಡಿ ತಿಳಿಯಬೇಕಾದ ಮಾತು

ದೇವರ ಹಿಪ್ಪರಗಿಯ ನಮ್ಮ ಓಣಿಯಲ್ಲಿ ಒಂದು ಮನೆಯಿದೆ. ಮನೆ ಸಣ್ಣದು, ಕಟ್ಟೆ ದೊಡ್ಡದು. ಆ ಕಟ್ಟೆಯ ಮೇಲೆ ಸಾಲಾಗಿ ಹನ್ನೊಂದು ಗುಲಾಬಿ ಕುಂಡಗಳಿವೆ. ಮೂಲೆಯಲ್ಲಿ ಒಂದು ದಾಸವಾಳ, ಬಾಗಿಲ ಎದುರಿಗೆ ತುಳಸಿ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಲೆಕ್ಕ ಹಾಕುವ ಊರು ನಮ್ಮದು. ಅಂಥಲ್ಲಿ ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲವನ್ನೂ ಕೂಡಿಸಿಟ್ಟು ಈ ಗಿಡಗಳನ್ನು ಬದುಕಿಸಿದವರು ಆ ಮನೆಯ ಆಯಿ. ಸೋಮವಾರದ ಪೂಜೆಗೆ ಹೂವು ಅಲ್ಲಿಂದಲೇ. ಮೊಮ್ಮಗಳ ಜಡೆಗೆ ಹೂವು ಅಲ್ಲಿಂದಲೇ. ಉಳಿದ ಪಕಳೆಗಳು ಸಕ್ಕರೆಯೊಂದಿಗೆ ಗಾಜಿನ ಬರಣಿ ಸೇರಿ ಗುಲ್ಕಂದವಾಗುತ್ತವೆ.

ಡಿಸೆಂಬರ್ ತಿಂಗಳ ಒಂದು ಮುಂಜಾನೆ ಆಯಿ ನನ್ನನ್ನು ಕೂಗಿ ಕರೆದರು. ನಾನು ಸಾಲಿ ಮಾಸ್ತರನಾಗಿದ್ದವನು, ಈಗ ನಿವೃತ್ತ. ಓಣಿಯವರಿಗೆ ಇಂದಿಗೂ ಮಾಸ್ತರನೇ.

"ಮಾಸ್ತರ್ರ, ನನ್ನ ಗುಲಾಬಿಗೆ ಏನಾಗೇತಿ ನೋಡ್ರಿ. ಯಾರೋ ಇಬತ್ತಿ ಉದುರಿಸಿದಂಗ ಕಾಣ್ತೈತಿ."

ಆಯಿ ಹೇಳಿದ್ದು ಸರಿಯಾಗಿತ್ತು. ಚಿಗುರೆಲೆಗಳು ಮುದುಡಿದ್ದವು. ಎಲೆಯ ಮೇಲೆ, ಮೊಗ್ಗಿನ ತೊಟ್ಟಿನ ಮೇಲೆ ಬಿಳಿ ಹುಡಿ ಹಿಡಿದಿತ್ತು. ಬೆರಳಿನಿಂದ ಒರೆಸಿದರೆ ಬೆರಳಿಗೆ ಹತ್ತುತ್ತಿತ್ತು. ಇದು ಬೂದಿ ರೋಗ.

"ಚಿಂತಿ ಇಲ್ಲ, ಎಣ್ಣಿ ಐತಿ" ಎಂದು ಆಯಿ ಒಳಗೆ ಹೋದರು. ನಮ್ಮ ಕಡೆ ಗಿಡಕ್ಕೆ ಸಿಂಪಡಿಸುವ ಯಾವ ಔಷಧಕ್ಕೂ ಎಣ್ಣಿ ಎಂದೇ ಹೆಸರು. ಅವರು ತಂದದ್ದು ಒಂದು ಹಳೆಯ ನೀರಿನ ಬಾಟಲಿ. ಅದರ ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಒಳಗೆ ಅರ್ಧದಷ್ಟು ಬೆಳ್ಳಗಿನ, ಮಂದವಾದ ದ್ರವ. ದ್ರಾಕ್ಷಿ ತೋಟವಿರುವ ಅಳಿಯ ಹಿಂದಿನ ವರ್ಷ ತನ್ನಲ್ಲಿ ಉಳಿದದ್ದನ್ನು ಇದರಲ್ಲಿ ಸುರುವಿ ಕೊಟ್ಟು ಹೋಗಿದ್ದನಂತೆ. ಬಾಟಲಿ ಇಷ್ಟು ದಿನ ಇದ್ದದ್ದು ಅಡುಗೆಮನೆಯ ಕಿಡಕಿಯಲ್ಲಿ, ಕುಡಿಯುವ ನೀರಿನ ಕೊಡದ ಪಕ್ಕ.

ಅಷ್ಟರಲ್ಲಿ ಐದು ವರ್ಷದ ಮೊಮ್ಮಗಳು ಓಡಿ ಬಂದು ಬಾಟಲಿಗೆ ಕೈ ಚಾಚಿದಳು.

"ಆಯಿ, ನನಗ ಮಜ್ಜಿಗಿ!"

ಆಯಿಯ ಕೈ ನಡುಗಿತು. ಏಳನೆಯ ಇಯತ್ತೆ ಓದುವ ಮೊಮ್ಮಗ ಥಟ್ಟನೆ ತಂಗಿಯನ್ನು ಎತ್ತಿಕೊಂಡ. ನಾವು ಮೂವರು ದೊಡ್ಡವರು, ಸಣ್ಣವರು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು. ಏನೂ ಆಗಲಿಲ್ಲ, ದೇವರ ದಯೆ. ಆದರೆ ಆಗಬಹುದಾಗಿತ್ತು.

ಆ ದಿನ ಕಟ್ಟೆಯ ಮೇಲೆ ಕುಳಿತು ನಾವು ಆಡಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೂಗಿಡ ಇರುವ ಪ್ರತಿ ಮನೆಗೂ ಇದು ಬೇಕಾದೀತು.

ಮುಲಾಮು ಮತ್ತು ಗುಳಿಗೆ

ಮಕ್ಕಳೇ, ಮೊದಲು ರೋಗ ಯಾವುದೆಂದು ನೋಡೋಣ. ಬ್ರೆಡ್ಡಿನ ಮೇಲೆ, ಹಳೆಯ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟನ್ನು ನೀವು ನೋಡಿದ್ದೀರಿ. ಅದರ ಕುಲದ್ದೇ ಒಂದು ಜೀವಿ ಗುಲಾಬಿಯ ಎಲೆಯ ಮೇಲೂ ಬೆಳೆಯುತ್ತದೆ. ಇವಕ್ಕೆ ಶಿಲೀಂಧ್ರ ಎನ್ನುತ್ತಾರೆ. ಬೂದಿ ರೋಗದ ಶಿಲೀಂಧ್ರ ಎಲೆಯ ಮೇಲೆ ಹಾಸಿಗೆಯಂತೆ ಹರಡಿಕೊಂಡು, ಸಣ್ಣ ಹೀರುಗೊಳವೆಗಳನ್ನು ಎಲೆಯೊಳಗೆ ಇಳಿಸಿ ಆಹಾರ ಹೀರುತ್ತದೆ. ಅದಕ್ಕೆ ಎಲೆ ಒದ್ದೆಯಾಗಿರಬೇಕೆಂದಿಲ್ಲ. ಹಗಲು ಒಣ ಹವೆ, ರಾತ್ರಿ ತಂಪು ಇದ್ದರೆ ಸಾಕು. ನಮ್ಮ ವಿಜಯಪುರ ಸೀಮೆಯ ಚಳಿಗಾಲ ಹಾಗೆಯೇ ಇರುತ್ತದಲ್ಲ! ಮಳೆಗಾಲದಲ್ಲಿ ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಬೇರೊಂದು ರೋಗ ಬರುತ್ತದೆ. ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದು, ಎಲೆ ಹಳದಿಯಾಗಿ ಉದುರುತ್ತದೆ. ಅದು ಕಪ್ಪು ಚುಕ್ಕೆ ರೋಗ.

ಶಿಲೀಂಧ್ರವನ್ನು ತಡೆಯುವ ಔಷಧಗಳಲ್ಲಿ ಎರಡು ಬಗೆ. ಒಂದು ಎಲೆಯ ಮೇಲೆಯೇ ನಿಂತು ಕಾಯುವಂಥದ್ದು. ಗಂಧಕ ಮತ್ತು ಬೋರ್ಡೋ ದ್ರಾವಣ ಈ ಬಗೆಯವು. ಇವನ್ನು ಮೈಗೆ ಹಚ್ಚುವ ಮುಲಾಮು ಎಂದುಕೊಳ್ಳಿ. ಇನ್ನೊಂದು ಎಲೆಯೊಳಗೆ ಇಳಿದು, ಗಿಡದ ರಸದೊಂದಿಗೆ ಹರಿಯುವಂಥದ್ದು. ಇದಕ್ಕೆ ಅಂತರ್ವ್ಯಾಪಿ ಶಿಲೀಂಧ್ರನಾಶಕ ಎಂದು ಹೆಸರು. ಇದು ನುಂಗುವ ಗುಳಿಗೆ ಇದ್ದಂತೆ. ಕಾರ್ಬೆಂಡಜಿಮ್, ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಅಜಾಕ್ಸಿಸ್ಟ್ರೋಬಿನ್ ಎಂಬ ಹೆಸರುಗಳನ್ನು ಅಂಗಡಿಯ ಪೊಟ್ಟಣಗಳ ಮೇಲೆ ನೀವು ನೋಡಿರಬಹುದು. ಇವೆಲ್ಲ ಆ ಬಗೆಯವು.

ಮೊಮ್ಮಗ ಕೇಳಿದ: "ಮಾಸ್ತರ್ರ, ಎಲಿ ಮ್ಯಾಲ ಹೊಡದ ಎಣ್ಣಿ ಗಿಡದೊಳಗ ಹೆಂಗ ಹೋಗ್ತೈತ್ರಿ?"

ಅದನ್ನು ಹೇಳುವುದಕ್ಕಿಂತ ತೋರಿಸುವುದು ಸುಲಭ. ಒಂದು ಬಿಳಿ ಸೇವಂತಿಗೆಯ ದಂಟನ್ನು ನೀರಿನಲ್ಲಿಟ್ಟುಕೊಂಡೇ ಓರೆಯಾಗಿ ಕತ್ತರಿಸಿ. ಗಾಜಿನ ಲೋಟದಲ್ಲಿ ಸ್ವಲ್ಪ ನೀರು ಹಾಕಿ, ನೀಲಿ ಶಾಯಿ ಅಥವಾ ಅಡುಗೆಯ ಬಣ್ಣ ಬೆರೆಸಿ, ದಂಟನ್ನು ಅದರಲ್ಲಿ ನಿಲ್ಲಿಸಿ. ಮರುದಿನ ನೋಡಿದರೆ ಪಕಳೆಗಳ ಅಂಚಿನಲ್ಲಿ ನೀಲಿ ಗೆರೆಗಳು ಮೂಡಿರುತ್ತವೆ. ನೀರು ಹತ್ತುವ ಸಣ್ಣ ಕೊಳವೆಗಳ ಮೂಲಕ ಬಣ್ಣವೂ ಹತ್ತಿದೆ. ಅಂತರ್ವ್ಯಾಪಿ ಔಷಧಗಳೂ ಬಹುಮಟ್ಟಿಗೆ ಹೀಗೆಯೇ ಕೆಳಗಿನಿಂದ ಮೇಲಕ್ಕೆ, ಎಲೆಯ ಬುಡದಿಂದ ತುದಿಗೆ ಸಾಗುತ್ತವೆ. ಮೇಲಿನಿಂದ ಬೇರಿಗೆ ಇಳಿಯುವಂಥವು ಕೆಲವೇ ಕೆಲವು. ಈ ಪ್ರಯೋಗವನ್ನು ಶಾಯಿಯಿಂದಷ್ಟೇ ಮಾಡಬೇಕು, ಔಷಧದಿಂದ ಎಂದಿಗೂ ಅಲ್ಲ.

ಈಗ ಆ ನೀಲಿ ಹೂವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ. ನೀಲಿ ಹೋಗುತ್ತದೆಯೇ? ಹೋಗುವುದಿಲ್ಲ. ಬಣ್ಣ ಹೂವಿನ ಮೇಲಿಲ್ಲ, ಒಳಗಿದೆ.

ನಮ್ಮೂರು ಶರಣ ಮಡಿವಾಳ ಮಾಚಿದೇವರ ಊರು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡಿದವರು ಅವರು. ಅಂಥ ಊರಿನವರಿಗೆ ಈ ಮಾತು ಬೇಗ ಅರ್ಥವಾಗಬೇಕು. ಮೇಲೆ ಕೂತ ಕೊಳೆಯನ್ನು ತೊಳೆಯಬಹುದು. ನೂಲಿನೊಳಗೆ ಇಳಿದ ಬಣ್ಣವನ್ನು ತೊಳೆಯಲಾಗದು. ಗುಲಾಬಿಗೆ ಹೊಡೆದ ಅಂತರ್ವ್ಯಾಪಿ ಔಷಧವೂ ಅಷ್ಟೇ. "ತೊಳದು ಮುಡಕೊಂಡ್ರ ಆತು" ಎಂಬುದು ಇಲ್ಲಿ ನಡೆಯುವುದಿಲ್ಲ.

ದ್ರಾಕ್ಷಿಯಿಂದ ಶುರುವಾದ ಕಥೆ

ಶಿಲೀಂಧ್ರನಾಶಕದ ಕಥೆಯಲ್ಲಿ ದ್ರಾಕ್ಷಿಗೆ ದೊಡ್ಡ ಪಾತ್ರವಿದೆ. ವಿಜಯಪುರ ಜಿಲ್ಲೆಯವರಾದ ನಮಗೆ ಇದು ಹೆಮ್ಮೆಯ ಸಂಗತಿ. ಫ್ರಾನ್ಸಿನ ಬೋರ್ಡೋ ಪ್ರದೇಶದ ರೈತರು ದಾರಿಯ ಪಕ್ಕದ ದ್ರಾಕ್ಷಿ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀರನ್ನು ಚಿಮುಕಿಸುತ್ತಿದ್ದರು. ರೋಗಕ್ಕೆಂದಲ್ಲ, ಎಲೆ-ಹಣ್ಣು ನೀಲಿಯಾಗಿ ಕಂಡರೆ ದಾರಿಹೋಕರು ಕದಿಯುವುದಿಲ್ಲವೆಂದು. 1882ರ ಸುಮಾರಿಗೆ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಒಂದು ವಿಷಯ ಗಮನಿಸಿದರು. ಎಲ್ಲೆಡೆ ಬೂಷ್ಟು ರೋಗದಿಂದ ಬಳ್ಳಿಗಳು ಎಲೆ ಉದುರಿಸಿದ್ದರೂ ದಾರಿಯ ಪಕ್ಕದ ಆ ಬಳ್ಳಿಗಳು ಹಸಿರಾಗಿದ್ದವು. ಅವರು ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದೇ ದ್ರಾವಣವನ್ನು ಬಳಸಲು ನಮ್ಮ ರೈತರಿಗೆ ಕಲಿಸಿದರು.

ಗಿಡದೊಳಗೆ ಹರಿಯುವ ಔಷಧಗಳು ಬಂದದ್ದು ಇದರ ಎಷ್ಟೋ ವರ್ಷಗಳ ನಂತರ, 1960ರ ದಶಕದ ಕೊನೆಯಲ್ಲಿ. 1968ರಲ್ಲಿ ಬಂದ ಬೆನೊಮಿಲ್ ಅವುಗಳಲ್ಲಿ ಹೆಸರಾದದ್ದು. ಆಗ ಅದನ್ನು ಎಲ್ಲರೂ ಹೊಗಳಿದರು. ಅದೇ ಬೆನೊಮಿಲ್ಲನ್ನು ಭಾರತ ಸರ್ಕಾರ 2018ರ ಆದೇಶದಲ್ಲಿ ನಿಷೇಧಿಸಿತು. ಇವತ್ತು ಒಳ್ಳೆಯದೆನಿಸಿದ ಔಷಧದ ಕೆಡುಕು ನಾಳೆ ತಿಳಿಯಬಹುದು. ಅಜ್ಜನ ಕಪಾಟಿನಲ್ಲಿ ಹತ್ತು ವರ್ಷದಿಂದ ಕುಳಿತ ಡಬ್ಬಿಯನ್ನು ಬಳಸಬಾರದು ಎನ್ನಲು ಇದೂ ಒಂದು ಕಾರಣ.

ಇನ್ನೊಂದು ಸೋಜಿಗದ ಸಂಗತಿ. ಪೈನ್ ಮರದ ಉದುರಿದ ಕಾಯಿಗಳ ಮೇಲೆ ಬೆಳೆಯುವ ಒಂದು ಸಣ್ಣ ಅಣಬೆ ಇದೆ. ತನ್ನ ಊಟಕ್ಕೆ ಬೇರೆ ಶಿಲೀಂಧ್ರಗಳು ಬಾರದಂತೆ ಅದು ಒಂದು ರಸ ಸ್ರವಿಸುತ್ತದೆ. ಆ ರಸವನ್ನು ನೋಡಿ ಕಲಿತು ವಿಜ್ಞಾನಿಗಳು ಮಾಡಿದ್ದೇ ಅಜಾಕ್ಸಿಸ್ಟ್ರೋಬಿನ್. ಅದು ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ಶಿಲೀಂಧ್ರದಿಂದ ಕಲಿತ ಪಾಠವೇ ಶಿಲೀಂಧ್ರಕ್ಕೆ ಮದ್ದಾಯಿತು.

ಬೆಳ್ಳಗಿರುವುದೆಲ್ಲ ಬೂದಿ ರೋಗವಲ್ಲ

ಆಯಿ ದಾಸವಾಳದ ಕಡೆ ಕೈ ತೋರಿಸಿದರು. "ಅದಕ್ಕೂ ಬೆಳ್ಳಗ ಆಗೇತ್ರಿ. ಎರಡಕ್ಕೂ ಒಮ್ಮಿಗೇ ಹೊಡದ್ರ ಹೋಗ್ತಿತ್ತು."

ನೋಡಿದರೆ ದಾಸವಾಳದ ತುದಿಯಲ್ಲಿ ಅರಳೆಯಂಥ ಮುದ್ದೆಗಳು. ಕಡ್ಡಿಯಿಂದ ಬಿಡಿಸಿದರೆ ಒಳಗೆ ಸಣ್ಣ ಹುಳುಗಳು ಹರಿದಾಡಿದವು. ಇದು ಹಿಟ್ಟು ತಿಗಣೆ. ಕೀಟ, ಶಿಲೀಂಧ್ರವಲ್ಲ. ಇದಕ್ಕೆ ಶಿಲೀಂಧ್ರನಾಶಕ ಎಷ್ಟು ಸುರುವಿದರೂ ಫಲವಿಲ್ಲ. ಅಂಥ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಸಾಬೂನು ನೀರಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿದರೆ ಸಾಕು.

ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದೂ ಈ ರೋಗವಲ್ಲ. ನಮ್ಮ ಭಾಗದ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಅದು ಸಿಗುವುದಿಲ್ಲ. ಹಸಿದವನಿಗೆ ಊಟ ಬೇಕೇ ಹೊರತು ಜ್ವರದ ಗುಳಿಗೆ ಅಲ್ಲ.

ಬೂದಿ ರೋಗವೇ ಎಂದು ಖಾತ್ರಿಯಾದ ಮೇಲೂ ಮೊದಲ ಹೆಜ್ಜೆ ಔಷಧದ್ದಲ್ಲ. ರೋಗ ಬಂದ ಎಲೆ, ಮೊಗ್ಗು, ತುದಿಗಳನ್ನು ಕತ್ತರಿಸಿ ತೆಗೆಯಬೇಕು. ಕುಂಡಗಳನ್ನು ಒಂದಕ್ಕೊಂದು ತಾಗದಂತೆ ದೂರ ಸರಿಸಿ, ಗಾಳಿ-ಬಿಸಿಲು ಆಡುವಂತೆ ಮಾಡಬೇಕು. ನೀರನ್ನು ಮುಂಜಾನೆ ಬುಡಕ್ಕೆ ಹಾಕಬೇಕು. ಯೂರಿಯಾ ಹೆಚ್ಚು ಹಾಕಿದರೆ ಚಿಗುರು ಮೆತ್ತಗಾಗಿ ರೋಗಕ್ಕೆ ಹಬ್ಬವಾಗುತ್ತದೆ, ಅದನ್ನು ನಿಲ್ಲಿಸಬೇಕು.

ಮನೆಯಲ್ಲೇ ಇರುವ ಒಂದು ಉಪಾಯವೂ ಉಂಟು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬಿಸಿಲಿರುವ ಹೊತ್ತಿನಲ್ಲಿ ಎಲೆಗಳಿಗೆ ಚಿಮುಕಿಸುವುದು. ಬ್ರೆಜಿಲ್ ದೇಶದಲ್ಲಿ ಕುಂಬಳದ ಜಾತಿಯ ಗಿಡಗಳ ಬೂದಿ ರೋಗದ ಮೇಲೆ ಹಾಲಿನ ಪ್ರಯೋಗ ನಡೆದು, ಚೆನ್ನಾಗಿ ಕೆಲಸ ಮಾಡಿದ್ದು 1999ರಲ್ಲಿ ಪ್ರಕಟವಾಗಿದೆ. ರೋಗ ಆರಂಭದಲ್ಲಿದ್ದಾಗ ಗುಲಾಬಿಗೂ ಇದನ್ನು ಮಾಡಿ ನೋಡಬಹುದು. ಗಂಧಕದ ಪುಡಿಯೂ ಹಳೆಯ ಮದ್ದು. ಆದರೆ ಬಿಸಿಲು 32 ಡಿಗ್ರಿ ದಾಟಿದ ದಿನ ಗಂಧಕ ಹೊಡೆದರೆ ಎಲೆ ಸುಡುತ್ತದೆ. ನಮ್ಮೂರ ಬೇಸಿಗೆಯಲ್ಲಿ ಅದರ ಗೊಡವೆ ಬೇಡ.

ಯಾವ ಗಿಡಕ್ಕೆ ಎಂದೂ ಬೇಡ?

ಇಷ್ಟೆಲ್ಲ ಮಾಡಿದರೂ ರೋಗ ನಿಲ್ಲದಿದ್ದರೆ ಆಗ ಅಂತರ್ವ್ಯಾಪಿ ಔಷಧದ ಮಾತು. ಅದಕ್ಕೆ ಮುನ್ನ ಒಂದು ಪ್ರಶ್ನೆ: ಈ ಗಿಡದ ಎಲೆ, ಹೂವು ಎಲ್ಲಿಗೆ ಹೋಗುತ್ತದೆ?

ಹೊಲದ ಬೆಳೆಗೆ ಔಷಧ ಹೊಡೆದರೆ, ಇಷ್ಟು ದಿನ ಬಿಟ್ಟು ಕೊಯ್ಯಬೇಕು ಎಂಬ ಲೆಕ್ಕ ಲೇಬಲ್ಲಿನಲ್ಲಿರುತ್ತದೆ. ಅಲಂಕಾರದ ಗಿಡಕ್ಕೆ ಅಂಥ ಲೆಕ್ಕ ಕೊಡುವುದಿಲ್ಲ. ಅದನ್ನು ಯಾರೂ ತಿನ್ನುವುದಿಲ್ಲ ಎಂದು ಭಾವಿಸಿರುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಹೂಗಿಡ ಬರೀ ಅಲಂಕಾರಕ್ಕೆ ಇರುವುದಿಲ್ಲವಲ್ಲ! ಗುಲಾಬಿ ಗುಲ್ಕಂದವಾಗುತ್ತದೆ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚುತ್ತೇವೆ. ತುಳಸಿ ತೀರ್ಥಕ್ಕೆ, ಕಷಾಯಕ್ಕೆ ಬೀಳುತ್ತದೆ. ಹೂವನ್ನು ಮಗು ಮೂಸುತ್ತದೆ, ಬಾಯಿಗಿಡುತ್ತದೆ. ಕತ್ತರಿಸಿದ ಟೊಂಗೆಯನ್ನು ಆಡು ತಿನ್ನುತ್ತದೆ.

ಆದ್ದರಿಂದ ತುಳಸಿ, ಬಿಲ್ವಪತ್ರಿ, ಕರಿಬೇವು, ಗುಲ್ಕಂದಕ್ಕೆ ಬಳಸುವ ಗುಲಾಬಿ, ಮನೆಮದ್ದಿಗೆ ಬಳಸುವ ಯಾವುದೇ ಗಿಡಕ್ಕೆ ಇದನ್ನು ಹೊಡೆಯಲೇಬಾರದು. ಪಕ್ಕದ ಗಿಡಕ್ಕೆ ಹೊಡೆಯುವಾಗಲೂ ಇವನ್ನು ದೂರ ಸರಿಸಬೇಕು. ಕುಂಡದಲ್ಲಿರುವುದರ ಲಾಭ ಇದೇ.

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರ ಹೋದ ವರ್ಷ ಅಳಿಯ ಕೊಟ್ಟಾಗ್ಲೇ ನಾ ಹೊಡದಿದ್ರ, ಆ ಹೂವು ಈ ಹುಡಿಗಿ ಜಡಿಗೇ ಏರಸ್ತಿದ್ದೆ" ಎಂದರು. ಅವರು ಹೊಡೆದಿರಲಿಲ್ಲ. ಹೋದ ವರ್ಷ ರೋಗ ಬಂದಿರಲಿಲ್ಲ, ಅಷ್ಟೇ.

ಓದುವುದು ಮೊಮ್ಮಗನ ಕೆಲಸ

ಔಷಧದ ಪೊಟ್ಟಣದ ಮೇಲಿನ ಅಕ್ಷರ ಇರುವೆಯಷ್ಟು ಸಣ್ಣದು. ಆಯಿಯ ಕಣ್ಣಿಗೆ ಪೊರೆ. ಆದ್ದರಿಂದ ನಾವು ಒಂದು ನಿಯಮ ಮಾಡಿದೆವು: ಓದುವ ಕೆಲಸ ಮಕ್ಕಳದು, ಮುಟ್ಟುವ ಕೆಲಸ ದೊಡ್ಡವರದು. ಪೊಟ್ಟಣ ಬಿಚ್ಚುವ ಮುಂಚೆ, ಅದು ದೊಡ್ಡವರ ಕೈಯಲ್ಲಿರುವಾಗಲೇ ಮೊಮ್ಮಗ ದೂರದಿಂದ ಗಟ್ಟಿಯಾಗಿ ಓದಬೇಕು.

ಏನೇನು ಓದಬೇಕು? ಮೊದಲು ಔಷಧದ ಹೆಸರು. ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಮದ್ದಿನ ಹೆಸರು. ಎರಡನೆಯದು, ಯಾವ ಗಿಡಕ್ಕೆ, ಯಾವ ರೋಗಕ್ಕೆ ಎಂಬುದು. ಅದರಲ್ಲಿ ನಮ್ಮ ಗಿಡದ ಹೆಸರು ಇರಬೇಕು. ಮೂರನೆಯದು, ಎಷ್ಟು ನೀರಿಗೆ ಎಷ್ಟು. ನಾಲ್ಕನೆಯದು, ಅವಧಿ ಮುಗಿಯುವ ದಿನಾಂಕ. ಐದನೆಯದು, ಅಪಾಯವಾದರೆ ಏನು ಮಾಡಬೇಕು ಎಂಬ ಸೂಚನೆ. ಪೊಟ್ಟಣದೊಳಗೆ ಮಡಿಸಿಟ್ಟ ಚೀಟಿಯೂ ಇರುತ್ತದೆ, ಅದನ್ನು ಬಿಸಾಡಬಾರದು.

ಪೊಟ್ಟಣದ ಮೇಲೆ ವಜ್ರದಾಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಎಂದರೆ ಅತ್ಯಂತ ಘೋರ ವಿಷ. ಹಳದಿ ಅದಕ್ಕಿಂತ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಭಾರತದಲ್ಲಿ ಮಾರುವ ಪ್ರತಿ ಪೊಟ್ಟಣಕ್ಕೂ ಈ ಗುರುತು ಕಡ್ಡಾಯ. ಶಿಲೀಂಧ್ರನಾಶಕಗಳಿಗೂ ಇದೇ ನಿಯಮ.

"ಹಸರ ಅಂದ್ರ ಏನೂ ಆಗಂಗಿಲ್ಲಲ್ರಿ?" ಎಂದ ಮೊಮ್ಮಗ.

ಅಲ್ಲಪ್ಪಾ. ಒಮ್ಮೆ ದೇಹದೊಳಗೆ ಹೋದರೆ ಎಷ್ಟು ಬೇಗ ಅಪಾಯ ಎಂಬುದನ್ನಷ್ಟೇ ಆ ಬಣ್ಣ ಹೇಳುತ್ತದೆ. ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಹೋದರೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹಸಿರು ಸಿಗ್ನಲ್ ಬಿದ್ದರೂ ರಸ್ತೆಯ ಎರಡೂ ಕಡೆ ನೋಡಿಯೇ ದಾಟುವುದಿಲ್ಲವೇ, ಹಾಗೆ.

ಬಿಡಿಯಾಗಿ ಅಳೆದು ಪುಡಿಕೆ ಕಟ್ಟಿಕೊಡುವ ಔಷಧವನ್ನು ಎಲ್ಲಿಯೂ ಕೊಳ್ಳಬೇಡಿ. ಪರವಾನಗಿ ಇರುವ ಅಂಗಡಿಯಲ್ಲಿ ಎಲ್ಲಕ್ಕಿಂತ ಸಣ್ಣ ಪೊಟ್ಟಣ ಕೇಳಿ, ರಸೀದಿ ಪಡೆಯಿರಿ. ಸಂಶಯವಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ, ದುಡ್ಡು ಬೀಳುವುದಿಲ್ಲ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೂ ರೋಗದ ಎಲೆ ತೋರಿಸಿ ಕೇಳಬಹುದು.

ಹೊಡೆಯುವ ದಿನ

ನಾಲ್ಕು ವಾರ ಹಾಲು-ನೀರು ಹೊಡೆದ ಮೇಲೆ ಆಯಿಯ ಒಂಬತ್ತು ಗುಲಾಬಿಗಳು ಸುಧಾರಿಸಿದವು. ಎರಡಕ್ಕೆ ರೋಗ ಬಿಡಲಿಲ್ಲ. ಅವೆರಡಕ್ಕೆ ಮಾತ್ರ ಹೊಸ ಪೊಟ್ಟಣ ತಂದು ಔಷಧ ಹೊಡೆಯುವುದೆಂದು ಗೊತ್ತಾಯಿತು. ಹೊಡೆದವನು ಆಯಿಯ ಮಗ.

ಹೊತ್ತು ಆರಿಸಿದ್ದು ಸಂಜೆ. ಗಾಳಿ ಇರಬಾರದು, ಮಳೆಯ ಮೋಡ ಇರಬಾರದು. ಜೇನುಹುಳುಗಳು ಗೂಡಿಗೆ ಮರಳಿರಬೇಕು. ಅರಳಿದ ಹೂಗಳನ್ನು ಮೊದಲೇ ಕಿತ್ತು ತೆಗೆದೆವು. ಒಣಹಾಕಿದ ಬಟ್ಟೆ ಒಳಗೆ ಹೋಯಿತು. ನೀರಿನ ತೊಟ್ಟಿಗೆ ಮುಚ್ಚಳ ಬಿತ್ತು. ಆಡು, ಕೋಳಿಗಳನ್ನು ಹಿತ್ತಲಿಗೆ ಅಟ್ಟಿದ್ದಾಯಿತು. ಮಕ್ಕಳು ಬಾಗಿಲು ಮುಚ್ಚಿ ಒಳಗೆ. ಬಸುರಿ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಅವರೂ ಈ ಕೆಲಸದಿಂದ ದೂರ ಇರಬೇಕು.

ಮಗ ತೋಳು ತುಂಬುವ ಅಂಗಿ, ಪ್ಯಾಂಟು, ಬೂಟು, ರಬ್ಬರಿನ ಕೈಗವಸು, ಕನ್ನಡಕ, ಮಾಸ್ಕ್ ಹಾಕಿಕೊಂಡ. "ಎರಡ ಗಿಡಕ್ಕ ಇಷ್ಟ ಯಾಕೋ?" ಎಂದು ಓಣಿಯವರು ನಕ್ಕರು. ಆದರೆ ಚರ್ಮಕ್ಕೆ, ಕಣ್ಣಿಗೆ ಗಿಡಗಳ ಲೆಕ್ಕ ಗೊತ್ತಿಲ್ಲ.

ಅಳತೆಯಲ್ಲಿ ಅಂದಾಜು ನಡೆಯುವುದಿಲ್ಲ. ಲೇಬಲ್ಲಿನಲ್ಲಿ ಲೀಟರಿಗೆ 1 ಗ್ರಾಂ ಎಂದಿದ್ದರೆ ಅರ್ಧ ಲೀಟರಿಗೆ ಅರ್ಧ ಗ್ರಾಂ. ಈ ಲೆಕ್ಕವನ್ನು ಮೊಮ್ಮಗನೇ ವಹಿಯಲ್ಲಿ ಮಾಡಿಕೊಟ್ಟ. ಹೆಚ್ಚು ಹಾಕಿದರೆ ರೋಗ ಬೇಗ ಹೋಗುತ್ತದೆ ಎಂಬುದು ತಪ್ಪು, ಎಲೆ ಸುಡುತ್ತದೆ. ಕಡಿಮೆ ಹಾಕಿದರೂ ತಪ್ಪು. ಸಾಯದೆ ಉಳಿದ ಶಿಲೀಂಧ್ರ ಆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಅಳೆಯಲು, ಕಲಸಲು ಅಡುಗೆಮನೆಯ ಚಮಚ, ಲೋಟ ಮುಟ್ಟಬಾರದು. ಇದಕ್ಕೇ ಬೇರೆ ಅಳತೆ, ಬೇರೆ ಬಕೆಟ್ಟು, ಬೇರೆ ಕಡ್ಡಿ ಇರಲಿ. ಅವುಗಳ ಮೇಲೆ "ವಿಷ" ಎಂದು ಬರೆದಿರಲಿ. ಪಂಪಿನ ತುದಿ ಕಟ್ಟಿಕೊಂಡರೆ ಬಾಯಿಂದ ಊದಬಾರದು.

ಎಲೆಯ ಮೇಲೂ ಕೆಳಗೂ ಸಣ್ಣ ಹನಿಯಾಗಿ ಬೀಳಬೇಕು, ತೊಟ್ಟಿಕ್ಕುವಷ್ಟು ಬೇಡ. ಆದ ಮೇಲೆ ಪಂಪನ್ನು ಮೂರು ಸಲ ತೊಳೆದು, ಆ ನೀರನ್ನು ಅದೇ ಗಿಡಗಳಿಗೆ ಹೊಡೆಯಬೇಕು. ಗಟಾರಕ್ಕೆ, ಬಾವಿಯ ಕಡೆಗೆ, ಹಳ್ಳಕ್ಕೆ ಸುರಿಯಬಾರದು. ಹಾಕಿಕೊಂಡ ಬಟ್ಟೆ ಬೇರೆಯಾಗಿ ಒಗೆಯಬೇಕು. ಸಾಬೂನು ಹಚ್ಚಿ ಸ್ನಾನ ಮಾಡಿದ ಮೇಲೆಯೇ ಚಹಾ, ಎಲೆ-ಅಡಿಕೆ. ಎಲೆಗಳು ಪೂರ್ತಿ ಒಣಗಿ ಮರುದಿನ ಆಗುವವರೆಗೆ ಮಕ್ಕಳು ಅತ್ತ ಸುಳಿಯಬಾರದು. ಲೇಬಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೇಳಿದ್ದರೆ ಅಷ್ಟು ಹೊತ್ತು.

ಮತ್ತೆ ಹೊಡೆಯಬೇಕಾದರೆ ಲೇಬಲ್ ಹೇಳಿದಷ್ಟು ದಿನ ಬಿಡಬೇಕು. ಅದೇ ಔಷಧವನ್ನು ಮೇಲಿಂದ ಮೇಲೆ ಬಳಸಬಾರದು, ಕುಲ ಬದಲಿಸಬೇಕು. ಇಲ್ಲೊಂದು ಗುಟ್ಟಿದೆ. ಹೆಸರು "ಕೊನಜೋಲ್" ಎಂದು ಮುಗಿಯುವವೆಲ್ಲ ಒಂದೇ ಕುಲದ ಅಣ್ಣತಮ್ಮಂದಿರು. ಹೆಕ್ಸಾಕೊನಜೋಲ್ ಬಿಟ್ಟು ಪ್ರೊಪಿಕೊನಜೋಲ್ ತಂದರೆ ಬದಲಿಸಿದಂತಾಗುವುದಿಲ್ಲ. "ಸ್ಟ್ರೋಬಿನ್" ಎಂದು ಮುಗಿಯುವವು ಬೇರೆ ಕುಲ.

ಅಕಸ್ಮಾತ್ ಆದರೆ

ಔಷಧ ಚರ್ಮಕ್ಕೆ ತಾಗಿದರೆ ಬಟ್ಟೆ ಕಳಚಿ ಸಾಬೂನು ಹಚ್ಚಿ ಬೇಕಾದಷ್ಟು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಸ್ವಚ್ಛ ನೀರು ಹರಿಸಿ, ನಂತರ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆಗೆ ಹೋದರೆ ಉಪ್ಪುನೀರು ಕುಡಿಸುವುದು, ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ. ತಕ್ಷಣ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಔಷಧದ ಪೊಟ್ಟಣ ಅಥವಾ ಲೇಬಲ್ ಜೊತೆಗಿರಲಿ. ಒಳಗೆ ಹೋದದ್ದು ಯಾವುದು ಎಂದು ತಿಳಿದರೆ ಡಾಕ್ಟರು ಸಮಯ ಕಳೆಯದೆ ಚಿಕಿತ್ಸೆ ಶುರು ಮಾಡಬಹುದು.

ಹೆಸರಿಲ್ಲದ ಬಾಟಲಿ ಏಕೆ ಅಷ್ಟು ಕೆಟ್ಟದ್ದು ಎಂಬುದು ಇಲ್ಲಿ ತಿಳಿಯುತ್ತದೆ. ಅಂದು ಆ ಮಗು ಕುಡಿದಿದ್ದರೆ ಡಾಕ್ಟರಿಗೆ ನಾವು ಏನೆಂದು ಹೇಳುತ್ತಿದ್ದೆವು? "ಬೆಳ್ಳಗಿತ್ತು" ಎಂದಷ್ಟೇ.

ಉಳಿದ ಔಷಧ ಅದರದೇ ಪೊಟ್ಟಣದಲ್ಲಿ, ಬಾಯಿ ಬಿಗಿದು, ಬೀಗ ಹಾಕುವ ಪೆಟ್ಟಿಗೆಯಲ್ಲಿ, ಮಕ್ಕಳಿಗೆ ನಿಲುಕದ ಎತ್ತರದಲ್ಲಿ ಇರಬೇಕು. ಅಡುಗೆಮನೆಯಲ್ಲಿ ಅಲ್ಲ, ದೇವರ ಮನೆಯಲ್ಲೂ ಅಲ್ಲ. ಖಾಲಿ ಡಬ್ಬಿಗೆ ತೂತು ಹಾಕಿ, ಮತ್ತೆ ಯಾರೂ ಬಳಸದಂತೆ ಮಾಡಬೇಕು. ಸುಡಬಾರದು.

ಆಯಿ ಅಂದೇ ಅಳಿಯನಿಗೆ ಫೋನ್ ಮಾಡಿದರು. ಬೈಯಲಿಲ್ಲ. "ಅಳಿಯಂದ್ರ, ನೀವು ಪ್ರೀತೀಲೆ ಕೊಟ್ಟದ್ದು ಖರೆ. ಆದ್ರ ಬಂದು ಒಯ್ದುಬಿಡ್ರಿ" ಎಂದರು. ಅವನು ಮರುದಿನವೇ ಬಂದ. ಬಾಟಲಿಯನ್ನು ದಪ್ಪ ಚೀಲದಲ್ಲಿ ಸುತ್ತಿ, ಅದರ ಮೇಲೆ ದೊಡ್ಡದಾಗಿ "ವಿಷ" ಎಂದು ಬರೆದು ಒಯ್ದ. ಹೋಗುವಾಗ ತನ್ನ ತೋಟದ ಮನೆಯಲ್ಲೂ ಇಂಥ ಎರಡು ಬಾಟಲಿ ಇವೆ ಎಂದು ಮೆಲ್ಲಗೆ ಹೇಳಿದ.

ಔಷಧ ಹೊಡೆದ ಎರಡು ಗುಲಾಬಿಗಳಿಗೆ ಮೊಮ್ಮಗ ಕೆಂಪು ದಾರ ಕಟ್ಟಿದ್ದಾನೆ. ದಾರ ಇರುವ ಗಿಡದ ಹೂವು ಕೀಳುವ ಹಾಗಿಲ್ಲ, ಮೂಸುವ ಹಾಗಿಲ್ಲ. ಅಕ್ಷರ ಬಾರದ ತಂಗಿಗೂ ಆ ಗುರುತು ತಿಳಿಯುತ್ತದೆ. ಅವು ಈಗ ಚೆನ್ನಾಗಿ ಚಿಗುರಿವೆ, ಗಿಡದ ಮೇಲೆಯೇ ಅರಳಿ, ಗಿಡದ ಮೇಲೆಯೇ ಉದುರುತ್ತವೆ. ಪೂಜೆಗೆ, ಜಡೆಗೆ ಉಳಿದ ಒಂಬತ್ತು ಗಿಡಗಳ ಹೂವು.

ಮೊನ್ನೆ ಸೋಮವಾರ ಆ ಪುಟ್ಟಿ ಜಡೆಯಲ್ಲಿ ಒಂದು ಗುಲಾಬಿ ಮುಡಿದು ನಮ್ಮ ಮನೆಗೆ ಬಂದಿದ್ದಳು. "ಯಾವ ಗಿಡದ್ದವ್ವಾ?" ಎಂದು ಕೇಳಿದೆ.

"ದಾರ ಇಲ್ಲದ್ದು" ಎಂದಳು.

ನೀವೂ ಇವತ್ತೇ ಒಮ್ಮೆ ಅಡುಗೆಮನೆಯ ಕಿಡಕಿ, ಹಿತ್ತಲ ಗೂಡು, ಮಾಡದ ಮೂಲೆ ನೋಡಿಬನ್ನಿ. ಹೆಸರಿಲ್ಲದ ಬಾಟಲಿ ಕಂಡರೆ ಮಕ್ಕಳು ಮುಟ್ಟದೆ ದೊಡ್ಡವರನ್ನು ಕರೆಯಲಿ.